ಗುಣವತಿಯ ಮೂರು ಚೀಲ ಅಕ್ರೋಟು

ಗುಣವತಿ ತೀರಿಕೊಂಡು ಇಂದಿಗೆ ನಲವತ್ತು ದಿನ. ಮೆಲ್ಬರ್ನ್‌ನ ಟಾರ್ನೀಟ್‌ನಲ್ಲಿ ನಮ್ಮದು ಅಕ್ಕಪಕ್ಕದ ಮನೆ. ಇಲ್ಲಿಗೆ ಬರುವ ಮೊದಲು ಅವಳು ಉಡುಪಿ ಕಡೆಯ ಗೇರುಬೀಜದ ಕಾರ್ಖಾನೆಯಲ್ಲಿ ಒಂಬತ್ತು ವರ್ಷ ಬೀಜ ಒಡೆದವಳು. ಹತ್ತರಲ್ಲಿ ಒಂಬತ್ತನ್ನು ಇಡಿಯಾಗಿ ತೆಗೆಯುತ್ತಿದ್ದೆ ಎಂಬುದೊಂದೇ ಅವಳು ತನ್ನ ಬಗ್ಗೆ ಕೊಚ್ಚಿಕೊಂಡ ಮಾತು.

2008ರ ಫೆಬ್ರವರಿಯಲ್ಲಿ ಡಾಕ್ಟರು ಅವಳ ಹೊಟ್ಟೆಯಲ್ಲಿ ಗಡ್ಡೆಯಿದೆ, ಜೂನ್‌ನಲ್ಲಿ ಶುರುವಾಗುವ ಇಲ್ಲಿನ ಚಳಿಗಾಲ ದಾಟುವುದು ಕಷ್ಟ ಎಂದರು. ಸಿಡ್ನಿಯ ಗಿರಾವೀನ್‌ನಲ್ಲಿದ್ದ ಮಗಳು ವಿಜೇತಾಗೆ ಆಗಸ್ಟ್‌ನಲ್ಲಿ ಹೆರಿಗೆ. ಬಾಣಂತನಕ್ಕೆ ತಾನಿರುವುದಿಲ್ಲ, ಬಾಣಂತಿಗೆ ಕಟ್ಟುವ ಉಂಡೆಗೆ ಬೇಕಾದ ಬೀಜವನ್ನಾದರೂ ಒಂದು ಡಬ್ಬಿ ತುಂಬ ಒಡೆದಿಟ್ಟು ಹೋಗಬೇಕು ಎಂದು ಗುಣವತಿ ಹಟ ಹಿಡಿದಳು. ಅಂಗಡಿಯದ್ದು ಬೇಡವಂತೆ. ಏಪ್ರಿಲ್‌ನಲ್ಲಿ ಹೊಳೆಯ ದಡದ ಕಾಡು ಅಕ್ರೋಟಿನ ಮರಗಳ ಕೆಳಗೆ ಇಬ್ಬರೂ ಹಸಿರು ಕಾಯಿ ಆಯ್ದೆವು. ಮೂರು ಚೀಲ. ನಾಲ್ಕು ಹೆಜ್ಜೆಗೊಮ್ಮೆ ಅವಳು ಕೂರುತ್ತಿದ್ದಳು.

ಆಯ್ದ ಕೂಡಲೇ ಹಸಿರು ಸಿಪ್ಪೆ ತೆಗೆಯಬೇಕು, ಇಲ್ಲದಿದ್ದರೆ ಒಳಗಿನ ತಿರುಳು ಕೆಡುತ್ತದೆ ಎಂದು ಲೈಬ್ರರಿಯ ಪುಸ್ತಕವೊಂದರಲ್ಲಿ ಓದಿದ್ದೆ. ಅವಳಿಗೆ ಹೇಳಿದೆ.

"ನೀವು ಓದಿದ್ದು ಉಂಟು, ನಾನು ಒಡೆದದ್ದು ಉಂಟು. ಚೀಲದಲ್ಲೇ ಇರ್ಲಿ ಮಾರಾಯ್ರೆ. ಮೆತ್ತಗಾದ್ರೆ ಸಿಪ್ಪೆ ತಾನೇ ಬಿಡ್ತದೆ. ಪುಸ್ತಕಕ್ಕೆ ಕೈ ಉಂಟಾ?"

ನಕ್ಕುಬಿಟ್ಟೆ. ಮತ್ತೆ ಹೇಳಲಿಲ್ಲ.

ಮೂರು ವಾರದ ಮೇಲೆ ಸಿಪ್ಪೆ ಸುಲಿಯಲು ಕುಳಿತಳು. ಕಾರ್ಖಾನೆಯಲ್ಲಿ ಗೇರಿನ ಸೊನೆ ತಾಗದಿರಲೆಂದು ಮಾಡುತ್ತಿದ್ದಂತೆ ಕೈಗೆ ಎಣ್ಣೆ, ಬೂದಿ ಸವರಿಕೊಂಡಳು. ಅಕ್ರೋಟಿನ ಕರೆ ಅದಕ್ಕೆ ಜಗ್ಗಲಿಲ್ಲ. ಬೆರಳುಗಳು ಕಪ್ಪಾದವು. ಕಾಯಿಗಳನ್ನು ನಮ್ಮ ಗ್ಯಾರೇಜಿನಲ್ಲಿ ಪೇಪರಿನ ಮೇಲೆ ಒಣಗಲು ಹರವಿದೆವು. ಅವು ಒಣಗುವ ಮೊದಲೇ ಅವಳು ಆಸ್ಪತ್ರೆ ಸೇರಿದಳು. ಈ ಕೈಗೇನಾಗಿದೆ ಎಂದು ನರ್ಸು ನನ್ನನ್ನು ಕೇಳಿದಳು.

"ಡಬ್ಬಿ ನೀವು ತುಂಬ್ಸಿ ಅಕ್ಕ," ಎಂದಳು ಗುಣವತಿ. "ವಿಜೇತನ ಹತ್ರ ಹೇಳಿ ಆಗಿದೆ."

ನಾಲ್ಕನೆಯ ದಿನ ಹೋದಳು.

ಅಂತ್ಯಕ್ರಿಯೆಯ ಮರುದಿನದಿಂದ ಗ್ಯಾರೇಜಿನಲ್ಲಿ ಸುತ್ತಿಗೆ ಹಿಡಿದು ಕುಳಿತೆ. ಮೊದಲನೆಯದು ಒಡೆದರೆ ಒಳಗೆ ಕಪ್ಪಗೆ ಮುರುಟಿದ ತಿರುಳು. ಎರಡನೆಯದೂ ಅದೇ. ನೂರು ಒಡೆದೆ, ಮುನ್ನೂರು ಒಡೆದೆ. ಕೊಳೆತ ವಾಸನೆ ಕೂದಲಿಗೂ ಹತ್ತಿತು. ಮೂರು ಚೀಲದಲ್ಲಿ ತಿನ್ನುವಂಥ ಚೂರುಗಳು ಒಂದು ಹಿಡಿ. ಇಡಿಯಾದದ್ದು ಒಂದೂ ಇಲ್ಲ. ಅಂಗಡಿಯಿಂದ ತಂದು ತುಂಬಿಸೋಣವೆಂದು ಕಾರಿನ ತನಕ ಹೋಗಿ ವಾಪಸು ಬಂದೆ.

ಹದಿಮೂರನೆಯ ದಿನದ ಊಟ ಮುಗಿಸಿ ವಿಜೇತಾ ಬಂದಳು. ಅಮ್ಮನದೇ ಮುಖ.

"ಆಂಟಿ, ಅಮ್ಮ ಫೋನಲ್ಲಿ ಡೈಲಿ ಇದೇ ಹೇಳ್ತಿದ್ರು. ಡಬ್ಬಿ ಫುಲ್ ಇರ್ತದೆ ಅಂತ."

ಕೊಟ್ಟೆ. ಮುಚ್ಚಳ ತೆಗೆದು ನೋಡಿದಳು. ತಳವೂ ಮುಚ್ಚಿರಲಿಲ್ಲ.

"ಇಷ್ಟೇನಾ?"

ಪುಸ್ತಕದಲ್ಲಿ ಓದಿದ್ದು, ಮತ್ತೆ ಹೇಳದೆ ಬಿಟ್ಟದ್ದು ಬಾಯಿಗೆ ಬರಲಿಲ್ಲ. "ಅವಳ ಕೈಲಿ ಇಷ್ಟೇ ಆಗಿದ್ದು," ಎಂದೆ. ಹತ್ತರಲ್ಲಿ ಒಂಬತ್ತು ಇಡಿಯಾಗಿ ತೆಗೆದವಳ ಬಗ್ಗೆ ಅವಳ ಮಗಳಿಗೆ ನಾನು ಹೇಳಿದ್ದು ಇದನ್ನು.

ವಿಜೇತಾ ಡಬ್ಬಿಯನ್ನು ಬ್ಯಾಗಿಗೆ ಹಾಕಿಕೊಂಡು ಹೊರಟಳು. ಗೇಟು ದಾಟುವವರೆಗೂ ಹೆಜ್ಜೆಹೆಜ್ಜೆಗೆ ಚೂರುಗಳು ಅದರೊಳಗೆ ಗಲಗಲ ಎನ್ನುತ್ತಿದ್ದವು.