ಒದ್ದೆ ಬೆರಳಿನ ಪರೀಕ್ಷೆ

ಅವರ ಬಲಗೈಯ ತೋರುಬೆರಳು ಸದಾ ಒದ್ದೆ. ಮಣಿಪಾಲದ ನಮ್ಮ ಆಫೀಸಿನಲ್ಲಿ ಎಲ್ಲರ ಮೇಜಿನ ಮೇಲೆ ಕಾಫಿ ಕಪ್ಪಿದ್ದರೆ, ಅವರ ಮೇಜಿನ ಮೇಲೆ ಸ್ಟೀಲ್ ಬಟ್ಟಲಿನಲ್ಲಿ ನೀರು. ಬೆರಳನ್ನು ಅದರಲ್ಲಿ ಅದ್ದಿ, ಕೊಡವಿ, ಆಮೇಲೆಯೇ ಮೊಬೈಲ್ ಮುಟ್ಟುವರು. ನಾವು ಬರೆದ ಸಾಫ್ಟ್‌ವೇರನ್ನು ಜನರ ಕೈಗೆ ಹೋಗುವ ಮುಂಚೆ ಪರೀಕ್ಷಿಸುವುದು ಅವರ ಕೆಲಸ. ಇಡೀ ಆಫೀಸಿಗೆ ಅವರು ಅಣ್ಣ.

ನಿಟ್ಟೆಯಲ್ಲಿ ಎಂಜಿನಿಯರಿಂಗ್ ಓದು ಮುಗಿಸಿ ಸೇರಿದ ಹೊಸತರಲ್ಲಿ, ಮೀನು ಮಾರುವವರು ತೂಕ ದಾಖಲಿಸುವ ಆ್ಯಪ್ ಒಂದನ್ನು ಬರೆದು ಬೀಗುತ್ತಿದ್ದೆ. ಅಣ್ಣ ಬೆರಳು ಅದ್ದಿ ಒತ್ತಿದರು. ಹತ್ತು ಕಿಲೋ ಬಂಗುಡೆ ಎರಡು ಸಲ ದಾಖಲಾಯಿತು.

"ನಿನ್ನದು ಒಣಗಿದ ಕೈ ಮಾರಾಯ. ಮೀನು ಹಿಡಿದವರಿಗೆ ಒಣಗಿದ ಕೈ ಎಲ್ಲಿ ಉಂಟು?"

ಕಾಪುವಿನಲ್ಲಿ ಮೀನು ಮಾರುತ್ತಿದ್ದ ಅವರ ತಾಯಿಯ ಕೈ, ಸೆರಗಿಗೆ ಎಷ್ಟು ಒರೆಸಿಕೊಂಡರೂ ಒಣಗುತ್ತಿರಲಿಲ್ಲವಂತೆ.

"ಇವತ್ತಿಗೆ ಪಾಸ್ ಅಂತ ಬರೆದುಬಿಡಿ ಅಣ್ಣ, ನಾಳೆ ಸರಿ ಮಾಡ್ತೇನೆ" ಎಂದು ಗೋಗರೆದೆ.

"ಆದದ್ದನ್ನು ಆಯ್ತು ಅಂತ ಬರೀಬೇಕು, ಆಗದ್ದನ್ನು ಆಗ್ಲಿಲ್ಲ ಅಂತ. ನಡುವೆ ಎಂತದೂ ಇಲ್ಲ."

ನಾನು ಕಲಿತ ವಿದ್ಯೆಯೆಂದರೆ ಅದೊಂದೇ.

ವರ್ಷಗಳು ಕಳೆದು ನಾನೇ ತಂಡದ ಮುಖ್ಯಸ್ಥನಾದೆ. ಅಷ್ಟರಲ್ಲಿ ತಾನೇ ಪರೀಕ್ಷೆ ಮಾಡುವ ಎಐ ಬಂತು. 'ಬದಲಾವಣೆಯನ್ನು ಮುನ್ನಡೆಸುವುದು ಹೇಗೆ' ಎಂದು ನಮಗೆ ಎರಡು ದಿನ ತರಬೇತಿ ಕೊಟ್ಟರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಹಾಗೆ ಮಾತಾಡುವ ಕಲೆ ಅದು. ಮುಗಿದ ಮರುದಿನವೇ ಆದೇಶ: ಅಣ್ಣನಿಗೆ ಗೊತ್ತಿರುವುದನ್ನೆಲ್ಲ ಬರೆಸಿ ಯಂತ್ರಕ್ಕೆ ಕೊಡಬೇಕು, ಆಮೇಲೆ ಅವರ ಹುದ್ದೆ ಇಲ್ಲ. ಮೇಲಿನವರ ಬಳಿ ಎರಡು ಸಲ ಜಗಳಾಡಿದೆ. "ನಿಮ್ಮ ಭಾವನೆ ಅರ್ಥವಾಗ್ತದೆ" ಎಂದರು. ಮನಸ್ಸಿನಲ್ಲಿ ಹತ್ತು ಸಲ ರಾಜೀನಾಮೆ ಕೊಟ್ಟೆ, ಕಾಗದದಲ್ಲಿ ಒಂದು ಸಲವೂ ಇಲ್ಲ. ಹೇಡಿ ನಾನು.

"ಅಣ್ಣ, ನಿಮಗೆ ಗೊತ್ತಿರುವುದನ್ನೆಲ್ಲ ಬರೆದು ಕೊಡಬೇಕಂತೆ."

"ಕೊಟ್ಟ ಮೇಲೆ ನನಗೆ ಎಂತ ಕೆಲಸ?"

ನಾನು ಬಟ್ಟಲಿನ ನೀರನ್ನು ನೋಡುತ್ತಾ ನಿಂತೆ. ಅವರಿಗೆ ಉತ್ತರ ಸಿಕ್ಕಿತು.

"ಆಯ್ತು ಸರ್" ಎಂದರು. ಅಷ್ಟು ವರ್ಷಗಳಲ್ಲಿ ನನ್ನನ್ನು ಸರ್ ಎಂದದ್ದು ಅದೇ ಮೊದಲು.

ಅಣ್ಣ ಅರ್ಧ ಬರೆದು ಅರ್ಧ ಮುಚ್ಚಿಡಬಹುದಿತ್ತು. ಹಾಗಾಗಲಿ ಎಂದು ನಾನು ಒಳಗೊಳಗೇ ಬಯಸಿದ್ದೆ ಕೂಡ. ಅವರು ಮೂರು ವಾರ ಕೂತು ಎಲ್ಲವನ್ನೂ ಬರೆದರು. ಒದ್ದೆ ಬೆರಳು ಎತ್ತ ಜಾರುತ್ತದೆ, ಐಸ್ ಮುಟ್ಟಿ ಮರಗಟ್ಟಿದ ಬೆರಳು ಎಷ್ಟು ಹೊತ್ತು ಒತ್ತುತ್ತದೆ, ಮೀನಿನ ಹುರುಪೆ ಅಂಟಿದ ಪರದೆಯಲ್ಲಿ ಯಾವ ಅಕ್ಷರ ಕಾಣುವುದಿಲ್ಲ, ಎಲ್ಲವನ್ನೂ. ಬಟ್ಟಲನ್ನು ತೊಳೆದು, ಮೇಜಿನ ಮೇಲೆ ಬೋರಲು ಹಾಕಿ ಹೋದರು.

ಎರಡು ತಿಂಗಳ ಮೇಲೆ ಅವರ ಫೋನ್ ಬಂತು. ತಮ್ಮ ಭಾವನ ಐಸ್ ಪ್ಲಾಂಟಿನಲ್ಲಿ ಕೆಲಸಕ್ಕಿದ್ದರು. ಹಿಂದೆ ಐಸ್ ಒಡೆಯುವ ಸದ್ದು.

"ನಾನಿಲ್ಲದೆ ಆ ಯಂತ್ರ ಎಂತದಾದ್ರೂ ತಪ್ಪು ಮಾಡಿತಾ?"

ಮಾಡಿರಲಿಲ್ಲ. ಅದು ಒದ್ದೆ ಬೆರಳಿನ ಜಾರಾಟವನ್ನೆಲ್ಲ ಅವರು ಬರೆದಂತೆಯೇ ಮಾಡಿ ನೋಡುತ್ತಿತ್ತು, ಒಂದು ದೂರೂ ಬಂದಿರಲಿಲ್ಲ. ಬಂದಿದೆ ಎಂಬ ಸುಳ್ಳು ನನ್ನ ನಾಲಿಗೆಯ ತುದಿಯಲ್ಲಿತ್ತು, ಅವರಿಗಾಗಿ. ಆದರೆ ಆಗದ್ದನ್ನು ಆಯ್ತು ಎಂದು ಅವರಿಗೇ ಹೇಳುವುದು ಹೇಗೆ?

"ಇಲ್ಲ ಅಣ್ಣ. ಒಂದೂ ಇಲ್ಲ."



"ಹಾಗಾದ್ರೆ ನಾನು ಸರಿಯಾಗಿ ಬರೆದಿದ್ದೇನೆ ಮಾರಾಯ" ಎಂದರು.