ತೂಕದ ಚೀಟಿಯಲ್ಲಿ ಮೈನಸ್

ಅದಿರಿನ ಲಾರಿಗಳು ಸಂಡೂರು ರಸ್ತೆಯನ್ನೆಲ್ಲ ಕೆಂಪು ಮಾಡಿದ್ದ ಕಾಲ. ನಾನು ಹೊಸಪೇಟೆಯ ಒಂದು ಕಂಪ್ಯೂಟರ್ ತರಗತಿಯಲ್ಲಿ ಸಿ ಭಾಷೆ ಕಲಿಸುತ್ತಿದ್ದೆ. ಅಕ್ಕನ ಗಂಡ, ನಮ್ಮ ಭಾವ, ಬಂಡ್ರಿ ಕಡೆಯ ಒಂದು ವೇ ಬ್ರಿಡ್ಜಿನಲ್ಲಿ ಲಾರಿ ತೂಗುತ್ತಿದ್ದರು. ತೂಕದ ಚೀಟಿ ಮುದ್ರಿಸುವ ಪ್ರೋಗ್ರಾಂ ನನ್ನಿಂದಲೇ ಬರೆಸಿ ಎಂದು ಅಲ್ಲಿನ ಧಣಿಗೆ ಹೇಳಿ ಒಪ್ಪಿಸಿದ್ದೂ ಅವರೇ.

ತರಗತಿಯ ಹೊಸ ಯಂತ್ರದಲ್ಲಿ ಬರೆದೆ. ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ವೇ ಬ್ರಿಡ್ಜಿನ ಹಳೇ ಯಂತ್ರದಲ್ಲಿ ಬೇರೆ ಇತ್ತು. ಅಲ್ಲೂ ಒಂದು ತಕರಾರಿಲ್ಲದೆ ಓಡಿತು. ಕಾಯ್ದೆ ಒಪ್ಪುವಷ್ಟು ತೂಕಗಳನ್ನು ಕೊಟ್ಟು ಪರೀಕ್ಷೆಯನ್ನೂ ಮಾಡಿದೆ. ಅಯ್ಯೋ, ಆಗ ಆ ರಸ್ತೆಯಲ್ಲಿ ಕಾಯ್ದೆಯ ತೂಕ ಹೊತ್ತ ಲಾರಿ ಎಲ್ಲಿತ್ತು!

ವಾರದೊಳಗೆ ಧಣಿ ಭಾವನನ್ನು ಕೆಲಸ ಬಿಡಿಸಿ ಮನೆಗೆ ಕಳಿಸಿದರು. ಕೆಲವು ಚೀಟಿಗಳಲ್ಲಿ ಲಾರಿಯ ತೂಕ ಮೈನಸ್ ಬಂದಿತ್ತು.

"ಲಾರಿ ಏನ್ ಗಾಳ್ಯಾಗ ತೇಲ್ತತೇನ್ರಿ? ನಿಮ್ ಭಾವ ಚೀಟಿ ತಿದ್ದೋ ಕಳ್ಳ ಅದಾನ," ಎಂದರು ನನಗೆ.

ಅದೇ ತೂಕಗಳನ್ನು ತರಗತಿಯಲ್ಲಿ ಹಾಕಿದೆ, ಸರಿ ಬಂತು. ವೇ ಬ್ರಿಡ್ಜಿನಲ್ಲಿ ಹಾಕಿದೆ, ಮೈನಸ್. ಮೈ ಉರಿದುಹೋಯಿತು. ಹೆಸರಿಗೆ ಒಂದೇ ಭಾಷೆ, ಕಂಪೈಲರಿಗೊಂದು ನ್ಯಾಯ! ಕೊನೆಗೆ ಯಾರೂ ಮಗುಚದ ಒಂದು ದಪ್ಪ ಪುಸ್ತಕದ ಹಿಂಬದಿಯಲ್ಲಿ ಭಾಷೆಯ ಸ್ಟ್ಯಾಂಡರ್ಡ್ ಸಿಕ್ಕಿತು, ಅಂದರೆ ಎಲ್ಲ ಕಂಪೈಲರುಗಳೂ ಪಾಲಿಸಬೇಕಾದ ಕರಾರು. ಸಾಮಾನ್ಯ ಸಂಖ್ಯೆಗೆ ಮೂವತ್ತೆರಡು ಸಾವಿರದ ಚಿಲ್ಲರೆವರೆಗೆ ಮಾತ್ರ ಖಾತ್ರಿ. ಅದಕ್ಕಿಂತ ದೊಡ್ಡದು ಬೇಕಾದರೆ 'ಲಾಂಗ್' ಎಂದು ಕೇಳಬೇಕು. ಹೊಸ ಕಂಪೈಲರ್ ಕೇಳದೆಯೇ ಹೆಚ್ಚು ಜಾಗ ಕೊಟ್ಟಿತ್ತು, ಹಳೆಯದು ಖಾತ್ರಿಯಿದ್ದಷ್ಟೇ ಕೊಟ್ಟು, ಅದನ್ನು ದಾಟಿದ ಕಿಲೋ ಲೆಕ್ಕವನ್ನು ಮೈನಸ್ಸಿಗೆ ತಿರುಗಿಸಿತ್ತು. ಆ ಕರಾರು ಇರದಿದ್ದರೆ ನಾನು ಯಾವುದನ್ನು ನಂಬಬೇಕಿತ್ತು?

ಧಣಿಯ ಮುಂದೆ ಹೋಗಿ ನಿಂತೆ. "ಭಾವಂದೇನೂ ತಪ್ಪಿಲ್ರಿ. ಮೂವತ್ತೆರಡು ಟನ್ ದಾಟಿದ ಲಾರಿಗಷ್ಟ ಮೈನಸ್ ಬಂದೈತ್ರಿ. ಕಾಯ್ದೆ ಪ್ರಕಾರ ಅಷ್ಟು ಹೇರಂಗ ಇಲ್ಲಲ್ರಿ."

ಸುತ್ತ ನಿಂತಿದ್ದ ಡ್ರೈವರುಗಳು ನೆಲ ನೋಡಿದರು.

"ಅದೆಲ್ಲಾ ನಿಮಗ್ಯಾಕ್ರಿ? ಎಷ್ಟ್ ಹೇರಿದ್ರೂ ಸರಿ ಬರಂಗ ಮಾಡ್ರಿ. ನಿಮ್ ಭಾವಗ ನಾಳಿಂದ ಬರಾಕ ಹೇಳ್ರಿ."

ಎಲ್ಲ ಕಡೆ 'ಲಾಂಗ್' ಎಂದು ತಿದ್ದಿದೆ. ಎರಡೂ ಯಂತ್ರಗಳು ಒಂದೇ ತೂಕ ತೋರಿಸಿದವು. ಭಾಳ ಖುಷಿಯಿಂದ ಅಕ್ಕನ ಮನೆಗೆ ಓಡಿದೆ.

ಭಾವ ಎಲ್ಲ ಕೇಳಿಸಿಕೊಂಡು, "ಕಳ್ಳ ಅಂದಿದ್ದಕ್ಕ ಏನಂದ್ರು?" ಎಂದರು.

"ಅದ್ರ ಬಗ್ಗೆ ಏನೂ ಅನ್ಲಿಲ್ಲ."

ಮರುದಿನ ಬೆಳಿಗ್ಗೆ ಭಾವ ಬುತ್ತಿ ಕಟ್ಟಿಸಿಕೊಂಡು, ಬೇರೆ ಕೆಲಸ ಕೇಳಲು ತೋರಣಗಲ್ಲಿನ ಬಸ್ ಹತ್ತಿದರು.