ಧನಿಗಳು ಮಾಡಿಸಿದ ಬಯಕೆ

ಬಂಟ್ವಾಳದಲ್ಲಿ ಕುಳಿತು ಅಂಗಡಿ ಧನಿಗಳ ಲೈಸೆನ್ಸು, ಲೇಬರ್ ಕಾಗದ ನೋಡಿಕೊಳ್ಳುವುದು ನನ್ನ ಹೊಟ್ಟೆಪಾಡು. ಒಂದು ಮಾತು ಕೇಳಿದರೆ ಮಾತ್ರ ಇವತ್ತಿಗೂ ಮೈ ಉರಿಯುತ್ತದೆ: ‘ನಮ್ಮಲ್ಲಿ ಕೆಲಸದವರು ಅಂತ ಇಲ್ಲ ಮೇಡಂ, ಎಲ್ಲ ಮನೆಯವರ ಹಾಗೆ.’ ಮನೆಯವರ ಹಾಗೆ ಅಂದರೆ ಏನು? ನೇಮಕದ ಪತ್ರ ಇಲ್ಲ, ಲೆಕ್ಕದ ರಜೆ ಇಲ್ಲ, ಬೇಡವಾದ ದಿನ ‘ನಾಳೆಯಿಂದ ಬರಬೇಡ’ ಅನ್ನಲು ಕಾರಣವೂ ಬೇಕಿಲ್ಲ. ಸ್ವಂತ ಮಗಳನ್ನು ಬೆಳಿಗ್ಗೆಯಿಂದ ಕತ್ತಲಾಗುವವರೆಗೆ ಕೌಂಟರಿನ ಹಿಂದೆ ನಿಲ್ಲಿಸಿದ ಧನಿಯನ್ನು ನಾನಂತೂ ಕಂಡಿಲ್ಲ.

ಈ ಮಾತನ್ನು ಎಲ್ಲರಿಗಿಂತ ಚಂದ ಹೇಳುತ್ತಿದ್ದವರು ಒಬ್ಬ ಬಟ್ಟೆ ಅಂಗಡಿ ಧನಿ. ಮೂಡುಬಿದಿರೆಯಲ್ಲಿ ದೊಡ್ಡ ಅಂಗಡಿ, ಬಂಟ್ವಾಳದಲ್ಲಿ ಒಂದು, ಬೆಳ್ತಂಗಡಿಯಲ್ಲಿ ಇನ್ನೊಂದು. ಬೋರ್ಡು ಒಂದೇ, ಹುಡುಗಿಯರ ಯೂನಿಫಾರ್ಮ್ ಸೀರೆಯೂ ಒಂದೇ. ಕಾಗದದಲ್ಲಿ ಮಾತ್ರ ಒಂದು ಇವರದ್ದು, ಒಂದು ಹೆಂಡತಿಯದ್ದು, ಒಂದು ಭಾವನದ್ದು. ಹತ್ತು ಜನ ಕೆಲಸಕ್ಕಿದ್ದರೆ ಹೆರಿಗೆ ರಜೆಯ ಕಾನೂನು ಕುತ್ತಿಗೆಗೆ ಬರುತ್ತದೆ ಎಂದು ಯಾರೋ ಇವರ ಕಿವಿ ಊದಿದ್ದರು. ‘ಎಲ್ಲಿಯೂ ಹತ್ತು ಆಗುವುದಿಲ್ಲ ಮೇಡಂ’ ಎಂದು ದೊಡ್ಡ ಚಾಣಾಕ್ಷನ ಹಾಗೆ ನಕ್ಕರು. ಹುಡುಗಿಯರನ್ನು ಇವತ್ತು ಇಲ್ಲಿ, ನಾಳೆ ಅಲ್ಲಿ ನಿಲ್ಲಿಸ್ತೀರಿ, ಹೆಸರು ಮೂರಾದ ಮಾತ್ರಕ್ಕೆ ವ್ಯಾಪಾರ ಮೂರಾಗುವುದಿಲ್ಲ, ಕೇಳುವವರು ಬಂದರೆ ಸಿಕ್ಕಿ ಬೀಳ್ತೀರಿ ಎಂದೆ. ‘ಬಂದಾಗ ನೋಡುವ’ ಎಂದರು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವ ಜಾತಿ ಇದು.

ಮೂಡುಬಿದಿರೆ ಅಂಗಡಿಯ ರೇಷ್ಮೆ ಸೀರೆಯ ಕೌಂಟರಿನಲ್ಲಿ ತೋಡಾರಿನ ಒಬ್ಬಳಿದ್ದಳು. ಪಿಯುಸಿ ಮುಗಿಸಿ ಸೇರಿದವಳು, ಮದುವೆಯಾದ ಮೇಲೂ ಬಿಡಲಿಲ್ಲ. ಮದುವೆ ಸೀರೆಗೆ ಬಂದ ಹೆಂಗಸರು ಬಾಗಿಲಲ್ಲೇ ‘ಆ ಹುಡುಗಿ ಇದ್ದಾಳಾ?’ ಎಂದು ಕೇಳುತ್ತಿದ್ದರು. ಅವಳಿಗೆ ಏಳು ತಿಂಗಳಾದಾಗ ಧನಿಗಳಿಗೆ ಉದಾರಬುದ್ಧಿ ಉಕ್ಕಿತು. ಅಂಗಡಿಯಲ್ಲೇ ಬಯಕೆ! ನಮ್ಮ ಕಡೆ ಬಯಕೆ ಅಂದರೆ ಬಸುರಿಗೆ ಮಾಡುವ ಸೀಮಂತ. ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ, ಮಲ್ಲಿಗೆ ಮುಡಿಸಿ, ಬಗೆಬಗೆಯ ತಿಂಡಿ ಬಡಿಸಿ ತವರಿಗೆ ಕಳಿಸುತ್ತಾರೆ. ಬಂಟ್ವಾಳ, ಬೆಳ್ತಂಗಡಿ ಅಂಗಡಿಗಳಿಗೂ ಅರ್ಧ ದಿನ ರಜೆ ಕೊಟ್ಟು ಹುಡುಗಿಯರನ್ನೆಲ್ಲ ವ್ಯಾನಿನಲ್ಲಿ ತುಂಬಿಸಿ ತಂದರು. ಫೋಟೋಗ್ರಾಫರನನ್ನೂ ಕರೆಸಿದರು. ನಾನೂ ಹೋಗಿ ಹೋಳಿಗೆ ತಿಂದು ಬಂದೆ. ‘ನೋಡಿದಿರಾ ಮೇಡಂ, ನಿಮ್ಮ ಕಾನೂನಿನಲ್ಲಿ ಇದೆಲ್ಲ ಉಂಟಾ?’ ಎಂದು ಧನಿಗಳು ಎಲ್ಲರೆದುರು ಕೇಳಿದರು.

ಆರು ತಿಂಗಳ ಮೇಲೆ ಅವಳು ಕೆಲಸಕ್ಕೆ ಬಂದರೆ ಕೌಂಟರಿನಲ್ಲಿ ಬೇರೆ ಹುಡುಗಿ. ‘ನಿನ್ನನ್ನು ಸೀರೆ ಕೊಟ್ಟು, ಮರ್ಯಾದೆಯಲ್ಲಿ ಕಳಿಸಿ ಆಗಿದೆಯಲ್ಲ ಮಗಾ. ಇನ್ನು ಮಗುವನ್ನು ನೋಡಿಕೊಂಡಿರು’ ಎಂದರಂತೆ. ಅಬ್ಬಬ್ಬಾ! ತವರಿಗೆ ಕಳಿಸಿದ್ದೆಂದು ಅವಳು ತಿಳಿದಿದ್ದರೆ, ಇವರು ಕೆಲಸದಿಂದಲೇ ಕಳಿಸಿದ್ದರು. ಒಂದು ಸೀರೆ, ನಾಲ್ಕು ಹೋಳಿಗೆಯಲ್ಲಿ ಕಾನೂನಿನ ಬಾಯಿ ಮುಚ್ಚಿಸಿದೆ ಎಂದು ನಂಬಿದ ಆ ತಲೆಗೆ ಏನು ಹೇಳುವುದು ಮಾರಾಯ್ರೆ!

ಹೆರಿಗೆಗೆ ಹೋದವಳನ್ನು ಆ ಹೊತ್ತಿನಲ್ಲಿ ತೆಗೆಯುವ ಹಾಗೇ ಇಲ್ಲ, ತೆಪ್ಪಗೆ ವಾಪಸು ತೆಗೆದುಕೊಳ್ಳಿ ಎಂದು ಫೋನಿನಲ್ಲೇ ಹೇಳಿದೆ. ‘ಅವಳು ನಮ್ಮ ಮನೆಯ ಮಗಳ ಹಾಗೆ, ಕಾನೂನಿಗೆಲ್ಲ ಹೋಗಲಿಕ್ಕಿಲ್ಲ’ ಎಂದರು. ಅವಳು ಕಾನೂನಿಗೇ ಹೋದಳು. ಹೋಗುವ ಮುಂಚೆ ನನ್ನ ಆಫೀಸಿಗೆ ಬಂದು, ‘ಅತ್ತೆ ಈಗಲೇ ಹೇಳ್ತಾರೆ, ಕೆಲಸ ಸಾಕು, ಮನೆಯಲ್ಲಿ ಬಿದ್ದಿರು ಅಂತ. ಇದೊಂದು ಹೋದರೆ ಇನ್ನು ಯಾರೂ ನನ್ನನ್ನು ಹೊಸ್ತಿಲು ದಾಟಿಸಲಿಕ್ಕಿಲ್ಲ ಮೇಡಂ’ ಎಂದಿದ್ದಳು. ನಾನು ಧನಿಗಳ ಕಡೆಯವಳು ಎಂದು ಅವಳಿಗೆ ಗೊತ್ತಿತ್ತು. ಆದರೂ ಬಂದಿದ್ದಳು. ದೂರು ಕೊಡುವುದು ಎಲ್ಲಿ ಎಂದು ಹೇಳಿ ಕಳಿಸಿದೆ.

ಲೇಬರ್ ಆಫೀಸರು ಅಂಗಡಿಗೇ ಬಂದರು. ಧನಿಗಳು ನನ್ನನ್ನೂ ಕರೆಸಿದ್ದರು. ಅವಳು ಮಗುವನ್ನು ಎತ್ತಿಕೊಂಡು, ಬಯಕೆಯ ಅದೇ ಹಸಿರು ಸೀರೆ ಉಟ್ಟು ಬಂದಿದ್ದಳು.

‘ಇವಳು ಕೆಲಸದವಳೇ ಅಲ್ಲ ಸಾರ್. ದೀಪಾವಳಿ ಸೀಸನ್ನಿಗೆ ಬಂದು ಹೋಗುವವಳು. ಮತ್ತೆ ನಮ್ಮದು ಸಣ್ಣ ಅಂಗಡಿ, ಏಳೆಂಟು ಜನ’ ಎಂದರು ಧನಿಗಳು, ನಾಲಿಗೆ ಒಂಚೂರೂ ತಡವರಿಸದೆ. ನನಗೆ ನಾಚಿಕೆಯಾಗಿ ಮೇಲೆ ನೋಡಿದೆ. ಆಫೀಸರೂ ಅಲ್ಲಿಯೇ ನೋಡುತ್ತಿದ್ದರು. ಕ್ಯಾಶ್ ಕೌಂಟರಿನ ಮೇಲಿನ ಗೋಡೆಯಲ್ಲಿ, ದೇವರ ಪಟದ ಪಕ್ಕ, ಕಟ್ಟು ಹಾಕಿಸಿದ ದೊಡ್ಡ ಫೋಟೋ. ನಡುವೆ ಹಸಿರು ಸೀರೆಯಲ್ಲಿ ಇವಳು, ಪಕ್ಕದಲ್ಲಿ ಹಲ್ಲು ಕಿರಿದ ಧನಿಗಳು, ಹಿಂದೆ ಮೂರೂ ಅಂಗಡಿಯ ಹುಡುಗಿಯರು ಒಂದೇ ಯೂನಿಫಾರ್ಮಿನಲ್ಲಿ. ತಾನು ಪುಣ್ಯವಂತ ಎಂದು ಗಿರಾಕಿಗಳಿಗೆ ತೋರಿಸಲು ತೂಗುಹಾಕಿ, ಸ್ವತಃ ನೋಡುವುದನ್ನೇ ಮರೆತಿದ್ದರು ಪುಣ್ಯಾತ್ಮರು!

ಆಫೀಸರು ಬೆರಳು ಎತ್ತಿ ತಲೆ ಎಣಿಸಿದರು. ಹತ್ತು ದಾಟಿದ ಮೇಲೆ ಬೆರಳು ಇಳಿಸಿದರು. ‘ಸೀಸನ್ನಿಗೆ ಬರುವವರಿಗೆಲ್ಲ ಬಯಕೆ ಮಾಡ್ತೀರಾ?’ ಎಂದು ತಣ್ಣಗೆ ಕೇಳಿದರು. ಧನಿಗಳು ನನ್ನ ಮುಖ ನೋಡಿದರು. ನಾನು ಮಗುವಿನ ಮುಖ ನೋಡಿದೆ. ಇವಳನ್ನು ಕೆಲಸಕ್ಕೆ ತೆಗೆದುಕೊಂಡು ತಿಳಿಸಿ, ಒಂದೇ ಬೋರ್ಡಿನ ಮೂರು ಅಂಗಡಿಯ ವಿಷಯ ಆಮೇಲೆ ಮಾತಾಡುವ ಎಂದು ಹೇಳಿ ಆಫೀಸರು ಹೊರಟರು.

ಇಷ್ಟಾದ ಮೇಲೂ ಬುದ್ಧಿ ಬಂತಾ? ಹುಟ್ಟುಗುಣ ಸುಟ್ಟರೂ ಹೋಗದು. ಧನಿಗಳು ಕಪಾಟಿನಿಂದ ಒಂದು ಭರ್ಜರಿ ರೇಷ್ಮೆ ಸೀರೆ ಎಳೆದು, ಬಿಡಿಸಿ ಅವಳ ಮುಂದೆ ಹರಡಿದರು. ‘ಇದು ಇಟ್ಟುಕೋ ಮಗಾ. ದೂರು ವಾಪಸು ತೆಗೆ. ಮನೆಯವರೊಳಗೆ ಇದೆಲ್ಲ ಯಾಕೆ?’

ಅವಳು ಸೀರೆಯನ್ನು ನೋಡಿದಳು. ‘ಮೇಡಂ, ಇವನನ್ನು ಸ್ವಲ್ಪ ಹಿಡ್ಕೊಳ್ತೀರಾ?’ ಎಂದು ಮಗುವನ್ನು ನನ್ನ ಕೈಗೆ ಕೊಟ್ಟಳು. ಕೌಂಟರಿನ ಹಿಂದೆ ಹೋದಳು. ಹೊಸ ಹುಡುಗಿ ಪಕ್ಕಕ್ಕೆ ಸರಿದು ಜಾಗ ಬಿಟ್ಟಳು. ಅವಳು ಸೀರೆಯನ್ನು ಮಡಿಕೆಗೆ ಮಡಿಕೆ ಕೂಡಿಸಿ ಮಡಚಿ, ಇದ್ದ ಜಾಗದಲ್ಲೇ ಇಟ್ಟಳು. ಬಾಗಿಲಲ್ಲಿ ಯಾರೋ ತಾಯಿ ಮಗಳು ಚಪ್ಪಲಿ ಬಿಡುತ್ತಿದ್ದರು.

‘ಬನ್ನಿ ಅಕ್ಕ, ಕುಳಿತುಕೊಳ್ಳಿ’ ಎಂದಳು. ‘ಯಾವ ಬಣ್ಣ ತೋರಿಸಲಿ?’